ಮೀನಿಗಿಂತ ಮೊದಲು ಮೀನಿನ ಊಟ

ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಮ್ಯಾಂಡರಿನ್ ಅನ್ನುವ ಸಮುದ್ರದ ಮೀನು ತಗೋಬೇಕು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಟ್ಯಾಂಕಿಗೆ ಎಷ್ಟು ವಯಸ್ಸು? ಎಷ್ಟು ಲೀಟರಿನದು, ಯಾವ ಲೈಟು, ಯಾವ ಪಂಪು, ಅದೆಲ್ಲ ಆಮೇಲೆ. ಇನ್ನೂ ವರ್ಷ ತುಂಬಿಲ್ಲ ಅಂದರೆ ಸ್ವಲ್ಪ ಕಾಯಿರಿ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ದುಡ್ಡಿದೆ, ಜಾಗ ಇದೆ, ಆಸೆ ಇದೆ, ಇನ್ನೇನಪ್ಪಾ ಅಡ್ಡಿ ಅಂತ. ಅಡ್ಡಿ ಇರುವುದು ಊಟದ್ದು. ಡಬ್ಬಿಯಿಂದ ಚಿಟಿಕೆ ತೆಗೆದು ಉದುರಿಸಿದರೆ ಓಡಿ ಬಂದು ತಿನ್ನುವ ಮೀನಲ್ಲ ಇದು. ಕಲ್ಲಿನ ಮೇಲೆ, ಪಾಚಿಯ ಸಂದಿಯಲ್ಲಿ ಹರಿದಾಡುವ, ಕಂಡೂ ಕಾಣದಷ್ಟು ಸಣ್ಣ ಜೀವಿಗಳೇ ಇದರ ಆಹಾರ. ಅವು ಒಂದು ಟ್ಯಾಂಕಿನಲ್ಲಿ ಬೇರು ಬಿಟ್ಟು ಸಂತತಿ ಹೆಚ್ಚಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅವಿಲ್ಲದ ಟ್ಯಾಂಕಿಗೆ ಬಿಟ್ಟರೆ ಮ್ಯಾಂಡರಿನ್ ಒಂದೇ ದಿನದಲ್ಲಿ ಸಾಯುವುದಿಲ್ಲ. ವಾರಗಟ್ಟಲೆ ಸೊರಗಿ, ಸೊರಗಿ, ಕೊನೆಗೆ ಒಂದು ಬೆಳಿಗ್ಗೆ ಮರಳಿನ ಮೇಲೆ ಬಿದ್ದಿರುತ್ತದೆ. ಏನೂ ರೋಗ ಇರಲಿಲ್ಲ, ಚೆನ್ನಾಗೇ ಓಡಾಡಿಕೊಂಡಿತ್ತು ಅಂತ ಮಾಲೀಕ ಹೇಳುತ್ತಾನೆ. ಅವನು ಹೇಳುವುದು ನಿಜವೇ. ಅದಕ್ಕೆ ಇದ್ದದ್ದು ಹಸಿವು ಮಾತ್ರ.

ನೋಡದವರಿಗಾಗಿ ಮೀನು ಹೇಗಿದೆ ಅಂತ ಹೇಳುತ್ತೇನೆ. ಉದ್ದ ಆರೇಳು ಸೆಂಟಿಮೀಟರ್, ಅಷ್ಟೇ. ಮೈಯೆಲ್ಲ ಗಾಢ ನೀಲಿ. ಆ ನೀಲಿಯ ಮೇಲೆ ಕಿತ್ತಳೆ ಬಣ್ಣದ ಪಟ್ಟೆಗಳು ಬಳುಕುತ್ತಾ, ಸುತ್ತುತ್ತಾ, ಒಂದಕ್ಕೊಂದು ಕೂಡಿಕೊಳ್ಳುತ್ತಾ ಹೋಗುತ್ತವೆ, ನಡುನಡುವೆ ಹಸಿರು ಬೇರೆ. ಎರಡು ಮೀನಿನ ಪಟ್ಟೆಗಳು ಒಂದೇ ಥರ ಇರುವುದಿಲ್ಲ. ತಲೆ ಅಗಲ, ಬಾಯಿ ಚಿಕ್ಕದು. ಕಣ್ಣುಗಳು ನೆತ್ತಿಯ ಕಡೆಗೆ ಉಬ್ಬಿಕೊಂಡಿವೆ, ಅವಕ್ಕೆ ಕೆಂಪು ಅಂಚು. ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಅಗಲವಾಗಿ ಹರಡಿ, ಅವುಗಳ ಮೇಲೆ ಭಾರ ಹಾಕಿ ಕಲ್ಲಿನ ಮೇಲೆ ನಡೆದಾಡುತ್ತದೆ. ಈಜುವುದು ಕಡಿಮೆ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎದೆಯ ರೆಕ್ಕೆಗಳನ್ನು ಪಟಪಟ ಬಡಿಯುತ್ತಾ ತೇಲಿಕೊಂಡು ಹೋಗಿ ಇಳಿಯುತ್ತದೆ. ಇಳಿದ ಮೇಲೆ ನಿಲ್ಲುತ್ತದೆ. ಕಣ್ಣು ಆ ಕಡೆ ಈ ಕಡೆ ತಿರುಗುತ್ತದೆ. ಕಲ್ಲಿನ ಒಂದು ಜಾಗವನ್ನೇ ದಿಟ್ಟಿಸುತ್ತದೆ. ಮರುಕ್ಷಣ ಬಾಯಿ ಮುಂದಕ್ಕೆ ಚಾಚಿ ಒಂದು ಕುಟುಕು. ಮತ್ತೆ ನಿಲ್ಲುತ್ತದೆ, ನೋಡುತ್ತದೆ, ಇನ್ನೊಂದು ಕುಟುಕು. ಬೆಳಿಗ್ಗೆ ಲೈಟ್ ಬಂದಾಗಿನಿಂದ ರಾತ್ರಿ ಆರುವವರೆಗೂ ಅದಕ್ಕೆ ಇದೇ ಕೆಲಸ.

ಆ ನೀಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನನ್ನನ್ನು ಈ ಮೀನಿನ ಹಿಂದೆ ಹಚ್ಚಿದ್ದೇ ಅದು. ಪ್ರಾಣಿಗಳಲ್ಲಿ ನಾವು ಕಾಣುವ ನೀಲಿ ಹೆಚ್ಚುಕಡಿಮೆ ಎಲ್ಲ ಬೆಳಕಿನ ಆಟ. ನವಿಲುಗರಿಯಲ್ಲಿ ನೀಲಿ ಬಣ್ಣ ಅನ್ನುವ ವಸ್ತುವೇ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನಮಗೆ ನೀಲಿ ಕಾಣಿಸುತ್ತದೆ. ಗರಿಯನ್ನು ಅರೆದು ಪುಡಿ ಮಾಡಿದರೆ ಉಳಿಯುವುದು ಕಂದುಗಪ್ಪು ಪುಡಿ. ಮಿಂಚುಳ್ಳಿಯದ್ದೂ ಇದೇ ಕತೆ. ಎಷ್ಟೋ ಮೀನುಗಳ ನೀಲಿಯೂ ಹೀಗೇ. ಆದರೆ ಮ್ಯಾಂಡರಿನ್ ಮೀನಿನ ಚರ್ಮದಲ್ಲಿ ನಿಜವಾದ ನೀಲಿ ವರ್ಣದ್ರವ್ಯ ತುಂಬಿದ ಕೋಶಗಳಿವೆ. ಜಪಾನಿನ ಇಬ್ಬರು ವಿಜ್ಞಾನಿಗಳು, ಗೋಡಾ ಮತ್ತು ಫುಜಿ, 1995ರಲ್ಲಿ ಇದನ್ನು ವಿವರಿಸಿದರು. ಅವರು ಆ ಕೋಶಗಳಿಗೆ ಸಯನೋಫೋರ್ ಅಂತ ಹೆಸರಿಟ್ಟರು. ಅವು ಸಿಕ್ಕಿದ್ದು ಈ ಮೀನಿನಲ್ಲಿ ಮತ್ತು ಇದರ ಹತ್ತಿರದ ನೆಂಟ, ಮೈಮೇಲೆ ದುಂಡು ಚುಕ್ಕೆಗಳಿರುವ ಇನ್ನೊಂದು ಮ್ಯಾಂಡರಿನ್‌ನಲ್ಲಿ. ಅದಕ್ಕೇ ಇದನ್ನು ಯಾವ ಕೋನದಿಂದ ನೋಡಿದರೂ ನೀಲಿ ನೀಲಿಯಾಗೇ ಇರುತ್ತದೆ. ಮೀನು ತಿರುಗಿದಾಗ ಮಿನುಗಿ ಮಾಯವಾಗುವುದಿಲ್ಲ. ಎದುರಿಗೆ ಕೂತು ನೋಡಿದರೆ ಈ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ.

ಇದರ ಊರು ಪಶ್ಚಿಮ ಪೆಸಿಫಿಕ್. ಜಪಾನಿನ ದಕ್ಷಿಣದ ರ‍್ಯುಕ್ಯು ದ್ವೀಪಗಳಿಂದ ಹಿಡಿದು ಫಿಲಿಪೀನ್ಸ್, ಇಂಡೋನೇಷ್ಯಾ, ಪಲಾವು ದ್ವೀಪಗಳು, ಕೆಳಗೆ ಆಸ್ಟ್ರೇಲಿಯಾದವರೆಗೆ. ವಿಜ್ಞಾನದ ದಾಖಲೆಗೆ ಇದನ್ನು ಸೇರಿಸಿದ್ದು 1927ರಲ್ಲಿ, ಫಿಲಿಪೀನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಮೀನು ವಿಜ್ಞಾನಿ ಆಲ್ಬರ್ಟ್ ಹರ‍್ರೆ. ನಮ್ಮ ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ಡೈವ್ ಮಾಡಿದವರು ಅಲ್ಲಿ ಇದು ಸಿಗುತ್ತಾ ಅಂತ ಕೇಳುತ್ತಾರೆ. ಇಲ್ಲ, ಅಲ್ಲಿ ಬೇರೆ ಚೆಂದದ ಮೀನುಗಳಿವೆ, ಇದಿಲ್ಲ. ಅಲೆ ಹೊಡೆಯುವ ತೆರೆದ ಹವಳದ ದಿಬ್ಬ ಇದಕ್ಕೆ ಬೇಕಿಲ್ಲ. ಒಳಸರಿದ ಶಾಂತ ನೀರು, ಮುರಿದುಬಿದ್ದ ಹವಳದ ಚೂರುಗಳ ರಾಶಿ, ಸ್ವಲ್ಪ ಕೆಸರು, ಇಂಥ ಜಾಗವೇ ಇಷ್ಟ. ಜಾಯಿಕಾಯಿಯ ತವರಾದ ಇಂಡೋನೇಷ್ಯಾದ ಬಂಡಾ ದ್ವೀಪಗಳಲ್ಲಿ ಊರಿನ ಜೆಟ್ಟಿಯ ಹತ್ತಿರವೇ, ಕಲ್ಲು ಮತ್ತು ಕಸದ ಸಂದಿಯಲ್ಲಿ ಇವು ವಾಸ ಮಾಡುತ್ತವೆ. ಇವನ್ನು ನೋಡಲೆಂದೇ ಜನ ಸಂಜೆ ಹೊತ್ತು ಅಲ್ಲಿ ನೀರಿಗಿಳಿಯುತ್ತಾರೆ. ಹಗಲಿಡೀ ಸಂದಿಯಲ್ಲಿ ಕುಟುಕಿಕೊಂಡಿರುವ ಮೀನುಗಳು ಹೊತ್ತು ಮುಳುಗುವಾಗ ಒಂದು ಜಾಗದಲ್ಲಿ ಸೇರುತ್ತವೆ. ಗಂಡು ಬೆನ್ನಿನ ಮೊದಲ ರೆಕ್ಕೆಯನ್ನು ಎತ್ತಿ ಹಿಡಿದು ಸುತ್ತುತ್ತದೆ. ಒಂದು ಹೆಣ್ಣು ಒಪ್ಪಿದರೆ ಎರಡೂ ಪಕ್ಕಪಕ್ಕ ಮೈ ತಾಗಿಸಿ ಸುಮಾರು ಒಂದು ಮೀಟರ್ ಮೇಲಕ್ಕೆ ನಿಧಾನವಾಗಿ ಏರುತ್ತವೆ. ಅಲ್ಲಿ ಮೊಟ್ಟೆ ಮತ್ತು ವೀರ್ಯ ಬಿಟ್ಟು, ಕ್ಷಣದಲ್ಲಿ ಕೆಳಗಿಳಿದು ಕಲ್ಲಿನೊಳಗೆ ಸೇರಿಬಿಡುತ್ತವೆ.

ಈಗ ಊಟದ ವಿಷಯ. ಹವಳದ ಚೂರುಗಳ ನಡುವೆ ಇದು ಏನು ತಿನ್ನುತ್ತದೆ ಅಂತ ಸಂಶೋಧಕರು ಸಮುದ್ರದಲ್ಲಿ ಹಿಡಿದ ಮೀನಿನ ಹೊಟ್ಟೆ ಬಿಡಿಸಿ ನೋಡಿದ್ದಾರೆ. ಕೋಪೆಪಾಡ್ ಅನ್ನುವ ಪುಟಾಣಿ ಸಿಗಡಿ ಬಳಗದ ಜೀವಿಗಳು, ಅದೇ ಬಳಗದ ಆಂಫಿಪಾಡ್‌ಗಳು, ಸಣ್ಣ ಹುಳುಗಳು, ಪುಟ್ಟ ಬಸವನಹುಳು, ಮೀನಿನ ಮೊಟ್ಟೆ. ಎಲ್ಲವೂ ಜೀವ ಇರುವಂಥವು, ಮೊಟ್ಟೆ ಬಿಟ್ಟರೆ ಎಲ್ಲವೂ ಮೇಲ್ಮೈಗೆ ಅಂಟಿಕೊಂಡು ಓಡಾಡುವಂಥವು. ಒಂದು ಕುಟುಕಿಗೆ ಒಂದು ತುತ್ತು, ಅದೂ ತೀರಾ ಚಿಕ್ಕದು. ಹೊಟ್ಟೆ ತುಂಬಬೇಕಾದರೆ ದಿನವಿಡೀ ದುಡಿಯಲೇಬೇಕು. ತೇಲುವ ಪೆಲೆಟ್ ಅದರ ಕಣ್ಣಿಗೆ ಊಟವೇ ಅಲ್ಲ. ಅಲ್ಲಾಡದ್ದನ್ನು ಅದು ಸಾಮಾನ್ಯವಾಗಿ ತಿರುಗಿಯೂ ನೋಡುವುದಿಲ್ಲ.

ಅಂಗಡಿಯಲ್ಲಿ ಈ ಮಾತು ಹೇಳುವವರು ಕಡಿಮೆ. "ಏನು ಹಾಕಿದ್ರೂ ತಿನ್ನುತ್ತೆ ಸಾರ್, ತಗೊಂಡ್ಹೋಗಿ" ಅಂದದ್ದನ್ನು ನಾನೇ ನಿಂತು ಕೇಳಿದ್ದೇನೆ. ಆ ತೊಟ್ಟಿಯಲ್ಲಿದ್ದ ಮೀನನ್ನು ಮೇಲಿನಿಂದ ಬಗ್ಗಿ ನೋಡಿದರೆ ಸಾಕಿತ್ತು. ಪಕ್ಕದಿಂದ ನೋಡಿದರೆ ಮ್ಯಾಂಡರಿನ್ ಯಾವಾಗಲೂ ಚೆಂದ. ಬಣ್ಣ ಕಣ್ಣು ಕಟ್ಟಿಬಿಡುತ್ತದೆ, ಸೊರಗಿದ್ದು ತಿಳಿಯುವುದೇ ಇಲ್ಲ. ಮೇಲಿನಿಂದ ನೋಡಬೇಕು. ಚೆನ್ನಾಗಿ ಉಂಡ ಮೀನಿನ ಮೈ ತಲೆಯ ಹಿಂದೆ ದುಂಡಗೆ ತುಂಬಿಕೊಂಡು ಬಾಲದ ಕಡೆಗೆ ಸಣ್ಣಗಾಗುತ್ತದೆ. ಹಸಿದ ಮೀನಿನದು ತಲೆ ಮಾತ್ರ ಅಗಲ, ಹಿಂದೆ ಇಡೀ ಮೈ ಒಣಗಿ ಹೋಗಿರುತ್ತದೆ. ಬೆನ್ನು ಚೂಪಾಗಿ ಎದ್ದಿರುತ್ತದೆ, ಹೊಟ್ಟೆ ಒಳಕ್ಕೆ ಹೋಗಿರುತ್ತದೆ, ಎರಡು ಪಕ್ಕದಲ್ಲೂ ಉದ್ದಕ್ಕೆ ಒಂದು ಗುಳಿ. ಆ ಹಂತ ದಾಟಿದ ಮೀನು ಆಮೇಲೆ ಊಟ ಸಿಕ್ಕರೂ ಚೇತರಿಸಿಕೊಳ್ಳುವುದು ಬಹಳ ಕಷ್ಟ. ಕರುಣೆಗೆ ಅಂತ ಅದನ್ನೇ ಕೊಂಡು ತರಬೇಡಿ ಅಂತ ನಾನು ಹೇಳುತ್ತೇನೆ. ಅದು ಕಠಿಣ ಮಾತು ಅಂತ ನನಗೂ ಗೊತ್ತು. ಆದರೆ ಒಂದು ಮಾರಾಟವಾದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ.

ಬೆಂಗಳೂರಿನಲ್ಲಿ ಕೂತು ಸಮುದ್ರದ ನೀರು ಮಾಡುವ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರ ಬಗ್ಗೆ ಬರೆದವರು ತುಂಬಾ ಜನ ಇದ್ದಾರೆ. ನಲ್ಲಿ ನೀರಿರಲಿ, ಬೋರ್‌ವೆಲ್ ನೀರಿರಲಿ, ನೇರವಾಗಿ ಆಗುವುದಿಲ್ಲ. ಆರ್‌ಓ ದಾಟಿಸಿ, ಅದರ ಮೇಲೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ದಾಟಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರಬೇಕು. ಆ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ರೀಫ್ ಸಾಲ್ಟ್. 300 ಲೀಟರಿನ ಟ್ಯಾಂಕಿಗೆ ಹತ್ತು ಕೆಜಿಗೂ ಜಾಸ್ತಿ ಉಪ್ಪು ಹಿಡಿಯುತ್ತದೆ. ಸಾಂದ್ರತೆ 1.025ರ ಆಸುಪಾಸು, ಉಷ್ಣಾಂಶ 25-26 ಡಿಗ್ರಿ. ದಿನಾ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಉಪ್ಪುನೀರು ಸೇರಿಸಬಾರದು, ಬರೀ ಆರ್‌ಓ ನೀರು ಹಾಕಬೇಕು. ನಮ್ಮ ಊರಿನ ಹವೆ ವರ್ಷದ ಬಹುಪಾಲು ಅನುಕೂಲವೇ. ಏಪ್ರಿಲ್‌ನಲ್ಲಿ ಮಾತ್ರ ಕಷ್ಟ. ಆಗ ನೀರಿನ ಮೇಲೆ ಫ್ಯಾನ್ ಬಿಟ್ಟರೂ ಸಾಲದೆ ಚಿಲ್ಲರ್ ಹಾಕಬೇಕಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಅದರ ಮೇಲೆ ಕರೆಂಟೂ ಹೋದರೆ ಎರಡು ಪೆಟ್ಟು ಒಟ್ಟಿಗೆ. ಏರ್ ಪಂಪಿಗೆ ಮತ್ತು ನೀರನ್ನು ಕದಡುವ ಒಂದು ಸಣ್ಣ ವೇವ್‌ಮೇಕರ್‌ಗೆ ಯುಪಿಎಸ್ ಇಡದೆ ಸಮುದ್ರದ ಮೀನು ಸಾಕಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಟ್ಯಾಂಕಿನಲ್ಲಿ ನಾನು ಹವಳ ಇಟ್ಟಿಲ್ಲ. ಗಟ್ಟಿ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಕಡಲತೀರದಲ್ಲಿ ಸಿಕ್ಕಿತು ಅಂತ ಹವಳದ ತುಂಡು ಚೀಲಕ್ಕೆ ಹಾಕಿಕೊಂಡು ಬರುವವರಿಗೆ ಇದು ಗೊತ್ತಿರುವುದಿಲ್ಲ. ಮ್ಯಾಂಡರಿನ್‌ಗೆ ಹವಳವೇ ಬೇಕು ಅಂತೇನಿಲ್ಲ. ಅದಕ್ಕೆ ಬೇಕಾಗಿರುವುದು ತೂತು ತೂತಾದ ಕಲ್ಲುಗಳು, ಸಂದಿಗಳು, ಅವುಗಳ ಮೇಲೆ ಜೀವ.

ಆ ಜೀವವನ್ನು ಬೆಳೆಸುವುದೇ ಇದರಲ್ಲಿ ನಿಜವಾದ ಕೆಲಸ. ನನಗೆ ಅತ್ಯಂತ ಇಷ್ಟವಾದ ಕೆಲಸವೂ ಅದೇ.

ಮೀನು ತರುವ ಎಷ್ಟೋ ಮೊದಲು ನಾನು ಟ್ಯಾಂಕಿಗೆ ಬಿಟ್ಟದ್ದು ಎರಡು ಜಾತಿಯ ಕೋಪೆಪಾಡ್‌ಗಳನ್ನು. ಒಂದು ಟಿಸ್ಬೆ, ಇನ್ನೊಂದು ಟಿಗ್ರಿಯೋಪಸ್. ಟಿಗ್ರಿಯೋಪಸ್ ಕೆಂಪು ಛಾಯೆಯದು, ಸುಮಾರು ಒಂದು ಮಿಲಿಮೀಟರ್, ಕಣ್ಣಿಗೆ ಕಾಣುತ್ತದೆ, ಮೀನಿನ ಕಣ್ಣಿಗೂ ಬೇಗ ಬೀಳುತ್ತದೆ. ಹಾಗಾಗಿ ದೊಡ್ಡ ಟ್ಯಾಂಕಿನಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ. ಟಿಸ್ಬೆ ಅದಕ್ಕಿಂತ ಚಿಕ್ಕದು, ಬಿಳಿಚು ಬಣ್ಣ, ಕಲ್ಲಿನ ತೂತುಗಳೊಳಗೆ ಹೋಗಿ ಸೇರಿಕೊಳ್ಳುತ್ತದೆ. ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆ ಹೊರುವಷ್ಟಾಗಲು ಅದಕ್ಕೆ ಒಂದೆರಡು ವಾರ ಸಾಕು. ಮನೆತನ ನಿಲ್ಲುವುದು ಟಿಸ್ಬೆಯಿಂದಲೇ.

ಅವು ಇವೆಯೋ ಇಲ್ಲವೋ ತಿಳಿಯಲು ಒಂದೇ ದಾರಿ. ರಾತ್ರಿ ಲೈಟ್ ಆರಿ ಒಂದೆರಡು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ಗಾಜನ್ನು ಹತ್ತಿರದಿಂದ ನೋಡಬೇಕು. ಶುರುವಿನಲ್ಲಿ ಬರೀ ಖಾಲಿ ಗಾಜು. ಕೆಲವು ವಾರ ಕಳೆದ ಮೇಲೆ ಮೂಲೆಯಲ್ಲಿ ಒಂದೆರಡು ಚುಕ್ಕೆ. ಅದನ್ನು ಮೊದಲು ಕಂಡದ್ದು ನನ್ನ ಮಗಳು. "ಅಪ್ಪಾ, ಗಾಜಿನ ಮೇಲೆ ಚುಕ್ಕಿ ಓಡ್ತಿದೆ!" ಅಂತ ಕೂಗಿದಳು. ನಿಜಕ್ಕೂ ಓಡುತ್ತಿತ್ತು. ಒಂದಿಷ್ಟು ದೂರ ಸರಕ್ಕನೆ ಹೋಗಿ ನಿಲ್ಲುವುದು, ದಿಕ್ಕು ಬದಲಿಸಿ ಮತ್ತೆ ಸರಕ್ಕನೆ. ಭೂತಗನ್ನಡಿ ಹಿಡಿದರೆ ಆಕಾರ ಕಾಣಿಸಿತು. ಮುಂದೆ ಅಗಲ, ಹಿಂದೆ ಚೂಪು, ತಲೆಯ ನಡುವೆ ಒಂದೇ ಒಂದು ಕಣ್ಣು, ಬಾಲದ ಹತ್ತಿರ ಎರಡು ಎಳೆ. ಒಂದಕ್ಕೆ ಹೊಟ್ಟೆಯ ಕೆಳಗೆ ಕಪ್ಪಗಿನ ಒಂದು ಗಂಟು. ಅದು ಮೊಟ್ಟೆಯ ಚೀಲ. ಆ ಚೀಲ ಕಂಡ ರಾತ್ರಿ ನನಗೆ ಆದ ಖುಷಿ ಮೀನು ತಂದ ದಿನದ್ದಕ್ಕಿಂತ ಕಡಿಮೆಯೇನಲ್ಲ. ಆಮೇಲೆ ಅದು ನಮ್ಮಿಬ್ಬರ ಅಭ್ಯಾಸವಾಗಿಬಿಟ್ಟಿತು. ಊಟ ಮುಗಿಸಿ ಟಾರ್ಚ್ ಹಿಡಿದು ಗಾಜಿನ ಮುಂದೆ ಕೂರುವುದು. ಕೊನೆಗೆ ಎಣಿಸಲು ಆಗದಷ್ಟಾದವು. ಗಾಜಿನ ಕೆಳಗಂಚಿನುದ್ದಕ್ಕೂ ಬಿಳಿ ಚುಕ್ಕೆಗಳ ಸಂತೆ. ಅಲ್ಲಿಯವರೆಗೂ ಮೀನಿನ ಮಾತೇ ಇಲ್ಲ.

ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಇನ್ನೊಂದು ತೊಟ್ಟಿ ಇದೆ. ಮೇಲಿನ ನೀರು ಅಲ್ಲಿಗಿಳಿದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಅದರಲ್ಲಿ ಒಂದು ಭಾಗವನ್ನು ಅಡ್ಡಗಾಜು ಹಾಕಿ ಬೇರೆ ಮಾಡಿ, ಚೇಟೊ ಅನ್ನುವ ಒಂದು ಥರದ ಹಸಿರು ಪಾಚಿ ಬೆಳೆಸಿದ್ದೇನೆ. ಗಟ್ಟಿ ನೂಲು ಸಿಕ್ಕುಸಿಕ್ಕಾಗಿ ಸೇರಿದ ಉಂಡೆ ಅದು. ಇದನ್ನು ರೆಫ್ಯೂಜಿಯಂ ಅನ್ನುತ್ತಾರೆ. ಅಲ್ಲಿಗೆ ಯಾವ ಮೀನೂ ಹೋಗುವುದಿಲ್ಲ. ಪಾಚಿಯ ಸಿಕ್ಕಿನೊಳಗೆ ಕೋಪೆಪಾಡ್‌ಗಳು ಯಾರ ಭಯವೂ ಇಲ್ಲದೆ ಹೆಚ್ಚುತ್ತವೆ, ಹೆಚ್ಚಾದವು ಪಂಪಿನ ಜೊತೆ ಮೇಲೆ ಹೋಗುತ್ತವೆ. ಅದಕ್ಕೆ ಲೈಟ್ ಹಾಕುವುದು ರಾತ್ರಿ. ರಾತ್ರಿ ಮೇಲಿನ ಟ್ಯಾಂಕಿನಲ್ಲಿ ದ್ಯುತಿಸಂಶ್ಲೇಷಣೆ ನಿಂತು ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಪಿಎಚ್ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೆಳಗಿನ ಪಾಚಿ ಕೆಲಸ ಮಾಡುತ್ತಿದ್ದರೆ ಇಳಿತ ಕಡಿಮೆ. ಮೀನಿನ ಹೊಲಸಿನಿಂದ ಬಂದ ನೈಟ್ರೇಟನ್ನೂ ಪಾಚಿ ಹೀರಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸ್ವಲ್ಪ ಪಾಚಿ ತೆಗೆಯಬೇಕು, ತೆಗೆಯುವಾಗ ಟ್ಯಾಂಕಿನ ನೀರಿನಲ್ಲೇ ಚೆನ್ನಾಗಿ ಜಾಲಾಡಿಸಿ ಜೀವಿಗಳನ್ನು ಉಳಿಸಿಕೊಳ್ಳಬೇಕು.

ಕೋಪೆಪಾಡ್‌ಗೂ ಊಟ ಬೇಕಲ್ವಾ? ಅದಕ್ಕೆ ಅಡುಗೆಮನೆಯ ಕಿಟಕಿಯ ಪಕ್ಕ ಬಾಟಲಿಗಳ ಸಾಲು. ತಂಪು ಪಾನೀಯದ ಎರಡು ಲೀಟರ್ ಬಾಟಲಿಗಳು, ಒಳಗೆ ಉಪ್ಪುನೀರು, ಅದರಲ್ಲಿ ನ್ಯಾನೊಕ್ಲೋರೋಪ್ಸಿಸ್ ಅನ್ನುವ ಏಕಕೋಶ ಪಾಚಿ. ಗಿಲ್ಲಾರ್ಡ್ ಎಫ್-ಟೂ ಅನ್ನುವ ಪೋಷಕ ದ್ರಾವಣ ಕೆಲವು ಹನಿ ಹಾಕಿ, ಏರ್ ಪಂಪಿನ ಸಣ್ಣ ಪೈಪು ಇಳಿಬಿಟ್ಟು, ಒಂದು ಎಲ್‌ಇಡಿ ಲೈಟ್ ಇಟ್ಟರೆ ಮುಗಿಯಿತು. ಮೊದಲ ದಿನ ತಿಳಿ ಹಸಿರು, ವಾರ ಕಳೆಯುವ ಹೊತ್ತಿಗೆ ಬಾಟಲಿಯ ಆಚೆ ಏನೂ ಕಾಣದಷ್ಟು ಗಾಢ. ಆಗ ಅರ್ಧ ತೆಗೆದು ಬಳಸಿ, ಉಳಿದರ್ಧಕ್ಕೆ ಹೊಸ ಉಪ್ಪುನೀರು ತುಂಬಿಸುವುದು. ಮೊದಮೊದಲು ಅಮ್ಮ, "ಒಂದು ಮೀನಿಗೆ ಅನ್ನ ಹಾಕೋಕೆ ಇಷ್ಟು ಬಾಟ್ಲಿ ಬೇಕೇನೋ?" ಅಂತ ಕೇಳುತ್ತಿದ್ದರು. ಮೀನಿಗಲ್ಲಮ್ಮ, ಮೀನಿನ ಊಟಕ್ಕೆ ಊಟ ಇದು, ನೀನು ದಿನಾ ಮೊಸರಿಗೆ ಹೆಪ್ಪು ಉಳಿಸಿಕೊಳ್ಳುತ್ತೀಯಲ್ಲ ಹಾಗೆ, ಪೂರ್ತಿ ಖರ್ಚು ಮಾಡಿದರೆ ನಾಳೆಗಿಲ್ಲ ಅಂದೆ. ಅಲ್ಲಿಂದ ಬಾಟಲಿಗಳ ಜವಾಬ್ದಾರಿ ಅಮ್ಮನದೇ. ಹಸಿರು ತಿಳಿಯಾಗುತ್ತಿದ್ದರೆ ನನಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಒಂದು ಬಾಟಲಿ ಏಕಾಏಕಿ ತಿಳಿಯಾದರೆ ಅದರೊಳಗೆ ಪಾಚಿ ತಿನ್ನುವ ಏನೋ ಹೊಕ್ಕಿದೆ ಅಂತ ಅರ್ಥ. ಅದನ್ನು ಚೆಲ್ಲಿ, ಬಾಟಲಿ ತೊಳೆದು, ಪಕ್ಕದ ಬಾಟಲಿಯಿಂದ ಹೊಸದಾಗಿ ಶುರು ಮಾಡಬೇಕು. ಅದಕ್ಕೇ ಯಾವಾಗಲೂ ಒಂದಕ್ಕಿಂತ ಜಾಸ್ತಿ ಬಾಟಲಿ. ಅದಕ್ಕೇ ಪಾಚಿಯ ಬಾಟಲಿ ಮುಟ್ಟುವ ಕೆಲಸ ಮೊದಲು, ಕೋಪೆಪಾಡ್ ಬೆಳೆಸುವ ಡಬ್ಬಿಯ ಕೆಲಸ ಆಮೇಲೆ, ಎರಡಕ್ಕೂ ಬೇರೆ ಬೇರೆ ಪೈಪು. ಕೈ ಒದ್ದೆ ಮಾಡಿಕೊಂಡು ಅದರಿಂದ ಇದಕ್ಕೆ ಹೋದರೆ ಕೆಟ್ಟಿತು.

ಇಷ್ಟೆಲ್ಲ ನಿಂತ ಮೇಲೆ ಮೀನು. ಅದರಲ್ಲೂ ನನಗೆ ಒಂದು ಹಠ ಇತ್ತು. ಸಮುದ್ರದಿಂದ ಹಿಡಿದದ್ದು ಬೇಡ, ಹ್ಯಾಚರಿಯಲ್ಲಿ ಹುಟ್ಟಿದ್ದೇ ಬೇಕು ಅಂತ.

ಈ ಹಠಕ್ಕೆ ಕಾರಣ ಇದೆ. ಮಾರುಕಟ್ಟೆಗೆ ಬರುವ ಮ್ಯಾಂಡರಿನ್‌ಗಳಲ್ಲಿ ಬಹುಪಾಲು ಫಿಲಿಪೀನ್ಸ್, ಇಂಡೋನೇಷ್ಯಾದ ಸಮುದ್ರದಿಂದ ಹಿಡಿದವೇ. ಫಿಲಿಪೀನ್ಸ್‌ನಲ್ಲಿ 1960ರ ದಶಕದಿಂದ ಅಕ್ವೇರಿಯಂ ಮೀನು ಹಿಡಿಯಲು ಸಯನೈಡ್ ಬಳಕೆಗೆ ಬಂತು. ಪ್ಲಾಸ್ಟಿಕ್ ಬಾಟಲಿಯಲ್ಲಿ ಕರಗಿಸಿದ ಸಯನೈಡನ್ನು ಹವಳದ ಸಂದಿಗೆ ಚಿಮ್ಮಿಸಿದರೆ ಮೀನು ಮಂಪರು ಬಂದು ಕೈಗೆ ಸಿಗುತ್ತದೆ. ಸುತ್ತಲಿನ ಹವಳ ಸಾಯುತ್ತದೆ, ಮೀನೂ ಎಷ್ಟೋ ಸಲ ಆಮೇಲೆ ಸಾಯುತ್ತದೆ. ಎಲ್ಲ ಮೀನನ್ನೂ ಹೀಗೇ ಹಿಡಿಯುತ್ತಾರೆ ಅಂತಲ್ಲ, ಆದರೆ ಕೊಳ್ಳುವವನಿಗೆ ಗಾಜಿನ ಈಚೆ ನಿಂತು ಅದು ಗೊತ್ತಾಗುವುದಿಲ್ಲ. ಮ್ಯಾಂಡರಿನ್ ವಿಷಯದಲ್ಲಿ ಇನ್ನೊಂದು ತೊಂದರೆ. ಗಂಡು ದೊಡ್ಡದು, ಬೆನ್ನ ಮೇಲಿನ ರೆಕ್ಕೆಯ ಮೊದಲ ಮುಳ್ಳು ಉದ್ದ, ನೋಡಲು ಇನ್ನೂ ಚೆಂದ. ಬೆಲೆ ಬರುವುದು ಅದಕ್ಕೇ. ಹಾಗಾಗಿ ಹಿಡಿಯುವವರು ದೊಡ್ಡ ಗಂಡುಗಳನ್ನೇ ಆರಿಸುತ್ತಾರೆ. ಹೆಣ್ಣುಗಳು ಸಂಜೆ ಆಯ್ಕೆ ಮಾಡಿಕೊಳ್ಳುವುದೂ ಆ ದೊಡ್ಡ ಗಂಡುಗಳನ್ನೇ. ಒಂದು ದಿಬ್ಬದಿಂದ ಅವನ್ನೆಲ್ಲ ತೆಗೆದರೆ ಅಲ್ಲಿ ಉಳಿಯುವ ಸಂಸಾರ ಏನಾಗುತ್ತದೆ ಅಂತ ಯೋಚಿಸಿ.

ಹ್ಯಾಚರಿಯಲ್ಲಿ ಈ ಮೀನನ್ನು ಮರಿ ಮಾಡಿ ಮಾರಾಟಕ್ಕೆ ತರಲು ಬಹಳ ಕಾಲ ಆಗಿರಲಿಲ್ಲ. ಫ್ಲೋರಿಡಾದ ಓಆರ್‌ಎ ಹ್ಯಾಚರಿ 2010ರಲ್ಲಿ ಅದನ್ನು ಮಾಡಿ ತೋರಿಸಿತು. ಈಗ ಬಯೋಟಾ ಹ್ಯಾಚರಿಯಂಥ ಕಡೆಯೂ ಮಾಡುತ್ತಾರೆ. ಹ್ಯಾಚರಿಯ ಮೀನಿಗೆ ಇರುವ ದೊಡ್ಡ ಲಾಭ ಅಂದರೆ ಅದು ಚಿಕ್ಕಂದಿನಿಂದ ಸತ್ತ ಆಹಾರವನ್ನೂ ನೋಡಿರುತ್ತದೆ. ಫ್ರೋಜನ್ ಬ್ರೈನ್ ಶ್ರಿಂಪ್ ಅನ್ನುವ ಉಪ್ಪುನೀರಿನ ಪುಟ್ಟ ಸಿಗಡಿ, ಮೀನಿನ ಮೊಟ್ಟೆ, ಕೆಲವಕ್ಕೆ ಸಣ್ಣ ಪೆಲೆಟ್ ಕೂಡ ರೂಢಿಯಾಗಿರುತ್ತದೆ. ಹಾಗಂತ ಕೋಪೆಪಾಡ್ ಬೇಡ ಅಂತಲ್ಲ. ದಿನಕ್ಕೆರಡು ಹೊತ್ತು ಹಾಕಿದ ಊಟ ಅದರ ಹೊಟ್ಟೆಗೆ ಸಾಲದು, ನಡುವಿನ ಹೊತ್ತನ್ನು ಕಲ್ಲುಗಳೇ ನೋಡಿಕೊಳ್ಳಬೇಕು.

ನನಗೆ ಸಿಕ್ಕಿದ್ದು ಪುಟ್ಟ ಗಂಡು. ತಂದ ದಿನ ಬಲೆ ಬಳಸಲಿಲ್ಲ. ಈ ಮೀನಿನ ಕೆನ್ನೆಯ ಎರಡು ಕಡೆ ಚೂಪಾದ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಗಾಯವಾಗುತ್ತದೆ. ಒಂದು ಪ್ಲಾಸ್ಟಿಕ್ ಬಟ್ಟಲನ್ನು ನೀರಿನೊಳಗೆ ಹಿಡಿದು ಅದರೊಳಗೇ ಓಡಿಸಿ ಎತ್ತಬೇಕು. ಮೈಮೇಲೆ ಹುರುಪೆ ಇಲ್ಲ. ಅದರ ಬದಲು ದಪ್ಪ ಲೋಳೆ. ಆ ಲೋಳೆಗೆ ಕೆಟ್ಟ ವಾಸನೆ, ಕಹಿ, ಸ್ವಲ್ಪ ವಿಷ ಕೂಡ. ದೊಡ್ಡ ಮೀನುಗಳು ಬಾಯಿ ಹಾಕದಂತೆ ಅದೇ ಕಾಯುತ್ತದೆ. ಸಮುದ್ರದ ಮೀನುಗಳನ್ನು ಸಾಲುಸಾಲಾಗಿ ಕೊಲ್ಲುವ ಬಿಳಿಚುಕ್ಕೆ ರೋಗ ಈ ಮೀನಿಗೆ ಬರುವುದು ಕಡಿಮೆ, ಅದಕ್ಕೂ ಲೋಳೆಯೇ ಕಾರಣ ಅನ್ನುತ್ತಾರೆ. ಆದರೂ ತಂದ ಕೂಡಲೇ ಟ್ಯಾಂಕಿಗೆ ಬಿಡದೆ, ಟ್ಯಾಂಕಿನೊಳಗೇ ತೂಗುಹಾಕಿದ ತೂತಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟೆ. ಊಟ ಮಾಡುವುದನ್ನು ಕಣ್ಣಾರೆ ಕಂಡ ಮೇಲೆ ಬಿಟ್ಟೆ.

ಕೈಯಾರೆ ಊಟ ಹಾಕಲು ಗಾಜಿನ ಸಣ್ಣ ಜಾಡಿಯ ಉಪಾಯ ತುಂಬಾ ಒಳ್ಳೆಯದು. ಬಾಯಿ ಕಿರಿದಾದ ಒಂದು ಜಾಡಿಯನ್ನು ಮರಳಿನ ಮೇಲೆ ಅಡ್ಡ ಮಲಗಿಸಿ, ಉದ್ದ ಪಿಪೆಟ್‌ನಿಂದ ಅದರೊಳಗೆ ಬ್ರೈನ್ ಶ್ರಿಂಪ್ ಮರಿ ಬಿಡುತ್ತೇನೆ. ನೀರಿನ ಹೊಡೆತಕ್ಕೆ ಅವು ಹಾರಿಹೋಗುವುದಿಲ್ಲ. ಬೇರೆ ಮೀನುಗಳಿಗೆ ಒಳಗೆ ನುಗ್ಗುವ ಧೈರ್ಯ ಇಲ್ಲ. ಮ್ಯಾಂಡರಿನ್ ಮಾತ್ರ ಹೊಟ್ಟೆಯ ರೆಕ್ಕೆ ಊರಿ ನಡೆದುಕೊಂಡೇ ಒಳಗೆ ಹೋಗಿ, ನಿಧಾನವಾಗಿ, ಒಂದೊಂದೇ ಕುಟುಕಿ, ತಿರುಗಿ ನಡೆದು ಹೊರಗೆ ಬರುತ್ತದೆ. ಈಗ ನನ್ನ ಕೈಯಲ್ಲಿ ಪಿಪೆಟ್ ಕಂಡರೆ ಸಾಕು, ಟ್ಯಾಂಕಿನ ಆ ತುದಿಯಿಂದ ಬಂದು ಜಾಡಿಯ ಬಾಯಿಯಲ್ಲಿ ನಿಂತಿರುತ್ತದೆ.

ಜೊತೆಗೆ ಒಂದು ಜೋಡಿ ಕ್ಲೌನ್ ಮೀನು ಇವೆ, ಅವೂ ಹ್ಯಾಚರಿಯವು. ಕ್ಲೌನ್ ಮರಿ ಮಾಡುವುದನ್ನು ನಮ್ಮ ದೇಶದಲ್ಲೇ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ ಮುಂತಾದ ಕಡೆ ಮಾಡಿ ಕಲಿಸಿದೆ. ಹೊಸದಾಗಿ ಶುರು ಮಾಡುವವರು ಅದನ್ನೇ ತನ್ನಿ ಅಂತ ಕೈಮುಗಿದು ಹೇಳುತ್ತೇನೆ. ಗಟ್ಟಿ ಮೀನು, ಪೆಲೆಟ್ ತಿನ್ನುತ್ತದೆ, ಬಣ್ಣಕ್ಕೂ ಕೊರತೆಯಿಲ್ಲ, ಸಮುದ್ರದಿಂದ ಕದ್ದದ್ದೂ ಅಲ್ಲ. ಮ್ಯಾಂಡರಿನ್ ಜೊತೆ ಮಾತ್ರ ಸಿಕ್ಸ್‌ಲೈನ್ ರ‍್ಯಾಸ್‌ನಂಥ ಚುರುಕು ಮೀನು ಹಾಕಬೇಡಿ. ಅದೂ ಇದೇ ಜೀವಿಗಳನ್ನು ಹುಡುಕಿ ತಿನ್ನುವಂಥದ್ದು, ವೇಗದಲ್ಲಿ ಮ್ಯಾಂಡರಿನ್ ಅದರ ಮುಂದೆ ಏನೇನೂ ಅಲ್ಲ. ಎರಡು ಗಂಡು ಮ್ಯಾಂಡರಿನ್ ಒಟ್ಟಿಗೆ ಇಡುವುದಂತೂ ಬೇಡವೇ ಬೇಡ, ಒಂದು ಸಾಯುವವರೆಗೂ ಜಗಳ ಬಿಡುವುದಿಲ್ಲ.

ಇಷ್ಟು ಕಷ್ಟಪಟ್ಟು ಒಂದು ಮೀನು ಯಾಕೆ, ಸಮುದ್ರದಲ್ಲೇ ಇರಲಿ ಬಿಡಬಾರದಾ ಅಂತ ನನ್ನ ಹೆಂಡತಿಯೇ ಒಮ್ಮೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಸಮುದ್ರದ್ದು ಸಮುದ್ರದಲ್ಲೇ ಇರಲಿ ಅಂತಲೇ ನಾನೂ ಹೇಳುವುದು. ಹ್ಯಾಚರಿಯಲ್ಲಿ ಹುಟ್ಟಿದ ಮೀನಿಗೆ ಹೋಗಲು ಸಮುದ್ರವಿಲ್ಲ, ಅದಕ್ಕೆ ಒಳ್ಳೆಯ ಟ್ಯಾಂಕ್ ಬೇಕು. ಅಂಥ ಮೀನನ್ನು ಕೇಳಿ ಕೊಳ್ಳುವವರು ಜಾಸ್ತಿಯಾದಷ್ಟೂ ಆ ಕೆಲಸ ಮಾಡುವವರು ಉಳಿಯುತ್ತಾರೆ. ಬೆಲೆ ಜಾಸ್ತಿ ಅನ್ನುವುದು ನಿಜ. ಅಷ್ಟು ಕೊಡಲಾಗದಿದ್ದರೆ ಕ್ಲೌನ್ ಇದೆ.

ಸಂಜೆ ಟ್ಯಾಂಕಿನ ಲೈಟ್ ನಿಧಾನವಾಗಿ ಇಳಿಯುವ ಹಾಗೆ ಟೈಮರ್ ಇಟ್ಟಿದ್ದೇನೆ. ಆ ಅರೆಬೆಳಕಿನಲ್ಲಿ ನಮ್ಮ ಮೀನು ಕುಟುಕುವುದನ್ನು ನಿಲ್ಲಿಸಿ, ಬೆನ್ನಿನ ರೆಕ್ಕೆ ಎತ್ತಿಕೊಂಡು ಕಲ್ಲಿನ ತುದಿಯಿಂದ ತುದಿಗೆ ಓಡಾಡಲು ಶುರು ಮಾಡಿದೆ. ಹಾಗಾಗಿ ಒಂದು ಹೆಣ್ಣು ತರುವ ಯೋಚನೆ ಬಂದಿದೆ. ಜೋಡಿ ಕೂಡಿದರೆ ಮೊಟ್ಟೆ ಇಡುವುದು ಮನೆಯ ಟ್ಯಾಂಕಿನಲ್ಲೂ ಆಗುತ್ತದೆ, ಬೇಕಾದಷ್ಟು ಜನರ ಮನೆಯಲ್ಲಿ ಆಗಿದೆ. ಮೊಟ್ಟೆ ಒಂದು ದಿನದೊಳಗೇ ಒಡೆಯುತ್ತದೆ. ಮರಿಯ ಉದ್ದ ಒಂದು ಮಿಲಿಮೀಟರಿನ ಆಸುಪಾಸು, ಅಂದರೆ ಅದರ ಅಪ್ಪ ತಿನ್ನುವ ಟಿಗ್ರಿಯೋಪಸ್‌ನಷ್ಟೇ. ಅಂಥ ಬಾಯಿಗೆ ಹಿಡಿಸಬೇಕಾದರೆ ರೋಟಿಫರ್ ಅನ್ನುವ ಸೂಕ್ಷ್ಮಜೀವಿ ಬೇಕು, ಕೋಪೆಪಾಡ್‌ನ ಆಗಷ್ಟೇ ಹುಟ್ಟಿದ ಮರಿಗಳು ಬೇಕು, ಅವಕ್ಕೆ ಕೊಡಲು ಇನ್ನೊಂದು ಜಾತಿಯ ಪಾಚಿ ಬೇಕು. ಮರಿಯ ಮಾತು ದೂರದ್ದು. ಸದ್ಯಕ್ಕೆ ಎರಡು ಮೀನಿಗೆ ಸಾಲುವಷ್ಟು ಕೋಪೆಪಾಡ್ ಬೇಕು, ಈಗ ಇರುವ ರೆಫ್ಯೂಜಿಯಂ ಅಷ್ಟು ಕೊಡುತ್ತದೋ ಇಲ್ಲವೋ ನೋಡಬೇಕು. ಪಕ್ಕದಲ್ಲಿ ಎರಡನೆಯ ತೊಟ್ಟಿ ಇಟ್ಟು ಚೇಟೊ ಹಾಕಿದ್ದೇನೆ. ಕಿಟಕಿಯಲ್ಲಿ ಐಸೊಕ್ರೈಸಿಸ್ ಅನ್ನುವ ಆ ಇನ್ನೊಂದು ಪಾಚಿಯ ಹೊಂಬಣ್ಣದ ಬಾಟಲಿ ಸೇರಿದೆ, ಅಮ್ಮ ಅದಕ್ಕೆ ಬೇರೆ ಪೈಪು ಕಟ್ಟಿಟ್ಟಿದ್ದಾರೆ. ಮೀನು ತರಿಸಿಕೊಡುವವರಿಗೂ ಹೇ‍ಳಿಟ್ಟಿದ್ದೇನೆ, ಅವಸರವಿಲ್ಲ, ಹ್ಯಾಚರಿಯಲ್ಲಿ ಹುಟ್ಟಿದ ಹೆಣ್ಣೇ ಆಗಬೇಕು, ಮೇಲಿನಿಂದ ತೆಗೆದ ಒಂದು ಫೋಟೊ ಮತ್ತು ಊಟ ಮಾಡುತ್ತಿರುವ ಒಂದು ವಿಡಿಯೊ ಕಳಿಸಿದ ಮೇಲೆ ದುಡ್ಡು ಕೊಡುತ್ತೇನೆ ಅಂತ.